ಗ್ಯೂದೊನ್ ಅಂಗಡಿಯಲ್ಲಿ ಬೆಳಗಿನ ಊಟ: ಬಾಗಿಲಿನಿಂದ ಬಿಲ್ಲಿನವರೆಗೆ

ಜಪಾನಿಗೆ ಬಂದ ನಮ್ಮವರು ಬೆಳಗಿನ ತಿಂಡಿಗೆ ಹೆಚ್ಚಾಗಿ ಎರಡೇ ದಾರಿ ಹಿಡಿಯುತ್ತಾರೆ. ಒಂದೋ ಹೋಟೆಲಿನ ಬಫೆ, ಇಲ್ಲವೇ ಮೂಲೆಯಂಗಡಿಯ ಬ್ರೆಡ್ಡು, ಬಾಳೆಹಣ್ಣು. ಬಫೆಗೆ ದುಡ್ಡು ಜಾಸ್ತಿ. ಬ್ರೆಡ್ಡು ಹೊಟ್ಟೆಗೆ ಸಾಲದು. ಇವೆರಡನ್ನೂ ಬಿಟ್ಟು ಮೂರನೆಯದೊಂದು ಇದೆ. ಊರಿನ ದೊಡ್ಡ ಸ್ಟೇಷನ್ನಿನ ಸುತ್ತ ಒಂದು ಸುತ್ತು ಬನ್ನಿ, ಬೆಳಗಿನ ಐದಕ್ಕೇ ದೀಪ ಹಚ್ಚಿಕೊಂಡ ಒಂದು ಗ್ಯೂದೊನ್ ಅಂಗಡಿ ಖಂಡಿತ ಕಣ್ಣಿಗೆ ಬೀಳುತ್ತದೆ.

ಗ್ಯೂದೊನ್ ಅಂದರೆ ಒಂದು ಬಟ್ಟಲು ಬಿಸಿ ಅನ್ನ, ಅದರ ಮೇಲೆ ಈರುಳ್ಳಿ ಜತೆ ಸಿಹಿ ಉಪ್ಪು ಬೆರೆತ ಸೋಯಾ ರಸದಲ್ಲಿ ಬೇಯಿಸಿದ ತೆಳ್ಳನೆಯ ದನದ ಮಾಂಸ. ಇಷ್ಟು ಕೇಳಿದ ಕೂಡಲೇ 'ಇದು ನಮಗಲ್ಲ' ಅಂತ ಹಲವರು ಮುಂದೆ ನಡೆದುಬಿಡುತ್ತಾರೆ. ನಾನೂ ಬಹಳ ದಿನ ಹಾಗೇ ಮಾಡಿದೆ. ಆದರೆ ಬೆಳಗಿನ ಹೊತ್ತು ಈ ಅಂಗಡಿಗಳಲ್ಲಿ ಇನ್ನೊಂದು ಮೆನು ಇರುತ್ತದೆ. ಅನ್ನ, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸಾರು, ಸುಟ್ಟ ಸಾಲ್ಮನ್ ಮೀನು, ಮೊಟ್ಟೆ, ನಾತ್ತೊ ಅನ್ನುವ ಹುದುಗಿಸಿದ ಸೋಯಾ ಕಾಳು, ಒಂದು ಹಾಳೆ ನೋರಿ, ಅಂದರೆ ಒಣಗಿಸಿದ ಕಡಲಕಳೆ. ಇದು ಜಪಾನಿನ ಹಳೆಯ ಮನೆಯೂಟ. ಒಳ್ಳೆಯ ಸಾಂಪ್ರದಾಯಿಕ ವಸತಿಗೃಹದಲ್ಲಿ ಉಳಿದುಕೊಂಡರೆ ಬೆಳಿಗ್ಗೆ ತಟ್ಟೆಗೆ ಬರುವುದೂ ಬಹುಮಟ್ಟಿಗೆ ಇದೇ. ಅದನ್ನೇ ಇಲ್ಲಿ ಸುಮಾರು 300ರಿಂದ 700 ಯೆನ್‌ಗೆ, ಐದು ನಿಮಿಷದಲ್ಲಿ, ಬಿಸಿಬಿಸಿಯಾಗಿ ಕೊಡುತ್ತಾರೆ. ಹೀಗಾಗಿ ಮಾಂಸ ತಿನ್ನದವರಿಗೂ ಈ ಬಾಗಿಲು ಅರ್ಧ ತೆರೆದೇ ಇದೆ. ಅರ್ಧ ಅಂದದ್ದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ. ಗ್ಯೂದೊನ್ ಅನ್ನು ಜನ ತಡರಾತ್ರಿಯ ತಿನಿಸು ಅಂದುಕೊಳ್ಳುತ್ತಾರೆ. ಅದರ ಮೂಲ ನೋಡಿದರೆ ಹಾಗಲ್ಲ. ಗ್ಯೂದೊನ್ ಅಂಗಡಿಗಳ ದೊಡ್ಡ ಸರಪಳಿಗಳಲ್ಲಿ ಒಂದಾದ ಯೊಶಿನೊಯಾ 1899ರಲ್ಲಿ ಶುರುವಾದದ್ದು ಟೋಕಿಯೊದ ನಿಹೊನ್‌ಬಾಶಿಯ ಮೀನು ಮಾರುಕಟ್ಟೆಯಲ್ಲಿ. ಶುರು ಮಾಡಿದವರು ಮಾತ್ಸುದಾ ಎಯ್ಕಿಚಿ. 1923ರ ದೊಡ್ಡ ಭೂಕಂಪದಲ್ಲಿ ಆ ಮಾರುಕಟ್ಟೆ ಹಾಳಾಯಿತು, ಅಂಗಡಿಯೂ ಮಾರುಕಟ್ಟೆಯ ಹಿಂದೆಯೇ ತ್ಸುಕಿಜಿಗೆ ಹೋಯಿತು. ಮೀನು ಮಾರುಕಟ್ಟೆ ಎಚ್ಚರಾಗುವುದು ನಸುಕಿಗೆ ಮುಂಚೆ, ಅಲ್ವಾ? ಅಲ್ಲಿಯವರಿಗೆ ಕೂತು ಉಣ್ಣಲು ಪುರುಸೊತ್ತಿಲ್ಲ, ಆದರೆ ಹೊಟ್ಟೆ ತುಂಬಬೇಕು, ರುಚಿಯೂ ಬೇಕು. 'ರುಚಿ, ಅಗ್ಗ, ಬೇಗ' ಅನ್ನುವ ಯೊಶಿನೊಯಾದ ಘೋಷಣೆ ಆ ಗಿರಾಕಿಗಳಿಗೆ ಹೇಳಿ ಮಾಡಿಸಿದ ಹಾಗಿದೆ. ನಸುಕಿನಲ್ಲಿ ದುಡಿಯುವವರ ಅನ್ನ ಇದು. ಬೆಳಿಗ್ಗೆಯೇ ಹೋಗಿ ಅಂತ ನಾನು ಹೇಳುವುದು ಅದಕ್ಕೇ.

ಮೊದಲು ಹೊತ್ತು ನೋಡಿಕೊಳ್ಳಿ

ಬೆಳಗಿನ ಮೆನು 11 ಗಂಟೆಗೆ ಮುಗಿಯುತ್ತದೆ. ಶುರುವಾಗುವುದು ಯೊಶಿನೊಯಾ ತರಹದ್ದೇ ಇನ್ನೆರಡು ಸರಪಳಿಗಳಾದ ಸುಕಿಯಾ ಮತ್ತು ಮಾತ್ಸುಯಾದಲ್ಲಿ ಸಾಮಾನ್ಯವಾಗಿ 5ಕ್ಕೆ, ಯೊಶಿನೊಯಾದಲ್ಲಿ 4ಕ್ಕೆ. ಎಲ್ಲಾ ಶಾಖೆಗಳೂ ರಾತ್ರಿಯಿಡೀ ತೆರೆದಿರುವುದಿಲ್ಲ. ಸುಕಿಯಾ 2025ರ ಏಪ್ರಿಲ್‌ನಿಂದ ಬಹುತೇಕ ಶಾಖೆಗಳನ್ನು ನಸುಕಿನ 3ರಿಂದ 4ರವರೆಗೆ ಸ್ವಚ್ಛತೆಗಾಗಿ ಮುಚ್ಚುತ್ತದೆ. ಬೇಗ ವಿಮಾನ ಹಿಡಿಯುವವರು ಹಿಂದಿನ ರಾತ್ರಿಯೇ ಆ ಶಾಖೆಯ ವೇಳೆ ನೋಡಿಟ್ಟುಕೊಳ್ಳಿ.

ವಾರದ ದಿನ 7:30ರಿಂದ 8:30ರವರೆಗೆ ಆಫೀಸಿಗೆ ಹೋಗುವವರ ಗದ್ದಲ. ಎಲ್ಲರೂ ಹತ್ತು ನಿಮಿಷದಲ್ಲಿ ತಿಂದೆದ್ದು ಹೋಗುತ್ತಾರೆ, ಹಾಗಾಗಿ ಸೀಟು ಸಿಗದೆ ಹೋಗುವುದಿಲ್ಲ. ಆದರೆ ಮೊದಲ ಸಲ ಹೋಗುವವರಿಗೆ ಬೆನ್ನ ಹಿಂದೆ ಕ್ಯೂ ಇದ್ದರೆ ಕೈ ನಡುಗುತ್ತದೆ. ನನ್ನ ಮಾತು ಕೇಳುವುದಾದರೆ, ಮೊದಲ ದಿನ 9 ಗಂಟೆಯ ನಂತರ ಹೋಗಿ. ಅಂಗಡಿ ಆಗ ಖಾಲಿ ಇರುತ್ತದೆ, ಸಮಾಧಾನವಾಗಿ ಮೆನು ಓದಬಹುದು.

ಯಾವ ಅಂಗಡಿ?

ಬಣ್ಣದಿಂದಲೇ ಗುರುತಿಸಬಹುದು. ಕಿತ್ತಳೆ ಬೋರ್ಡು ಯೊಶಿನೊಯಾ. ಕೆಂಪು ಬೋರ್ಡು ಸುಕಿಯಾ. ಹಳದಿ ಬೋರ್ಡು ಮಾತ್ಸುಯಾ.

ಸುಕಿಯಾ ಶುರುವಾದದ್ದು 1982ರಲ್ಲಿ, ಯೊಕೊಹಾಮಾದಲ್ಲಿ. ಮೂರರಲ್ಲಿ ಕಿರಿಯದು, ಆದರೆ ಈಗ ಜಪಾನಿನಲ್ಲಿ ಅತಿ ಹೆಚ್ಚು ಶಾಖೆ ಇರುವುದು ಇದಕ್ಕೇ. ಟೇಬಲ್ಲುಗಳಿರುವುದರಿಂದ ಮಕ್ಕಳ ಜತೆ ಹೋಗುವವರಿಗೆ ಇದೇ ಅನುಕೂಲ. ಮಾತ್ಸುಯಾ 1960ರ ದಶಕದ್ದು. ಅವರು ಗ್ಯೂದೊನ್ ಅನ್ನುವುದಿಲ್ಲ, ಗ್ಯೂಮೆಶಿ ಅನ್ನುತ್ತಾರೆ. ಒಳಗೆ ಕೂತು ತಿಂದರೆ ಗ್ಯೂಮೆಶಿ ಜತೆ ಮಿಸೊ ಸಾರು ಉಚಿತ. ಬೆಳಗಿನ ಊಟದ ಜತೆ ಬರುವ ಪುಟ್ಟ ಬಟ್ಟಲಲ್ಲಿ ಏನು ಬೇಕು ಅಂತ ನಾವೇ ಆರಿಸಬಹುದು. ನನಗೆ ಇಷ್ಟವಾದದ್ದು ಇದೇ, ಯಾಕೆಂದರೆ ಮಾಂಸ ಬೇಡ ಅನ್ನುವವರಿಗೆ ಅಲ್ಲಿ ನಾತ್ತೊ ಅಥವಾ ತಣ್ಣನೆಯ ತೋಫು ಆರಿಸಿಕೊಳ್ಳುವ ಅವಕಾಶ ಇದೆ. ಯೊಶಿನೊಯಾದಲ್ಲಿ ಗ್ಯೂದೊನ್ ರುಚಿಯೇ ಮುಖ್ಯ. ಮಾಂಸ ತಿನ್ನುವವರು ಮೊದಲ ಬಟ್ಟಲನ್ನು ಅಲ್ಲೇ ತಿನ್ನಲಿ ಅಂತ ನನ್ನ ಆಸೆ.

ಏನು ತಿನ್ನುತ್ತೀರಿ ಅಂತ ಹೊರಗೇ ತೀರ್ಮಾನಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮವರು ಎಡವುವುದು ಇಲ್ಲೇ.

ದನದ ಮಾಂಸ ಬೇಡ, ಮೀನು ಮೊಟ್ಟೆ ಆಗುತ್ತದೆ ಅನ್ನುವವರಿಗೆ ಚಿಂತೆ ಇಲ್ಲ. ಸುಟ್ಟ ಸಾಲ್ಮನ್ ಇರುವ ಸೆಟ್ ಮೂರೂ ಕಡೆ ಸಿಗುತ್ತದೆ. 'ಶಾಕೆ' ಅಥವಾ 'ಸಾಕೆ' ಅಂದರೆ ಸಾಲ್ಮನ್. 'ಯಾಕಿ' ಅಂದರೆ ಸುಟ್ಟದ್ದು. 'ತೆಯ್‌ಶೊಕು' ಅಂದರೆ ಅನ್ನ, ಸಾರು, ಪಕ್ಕದ ತಿನಿಸು ಸೇರಿದ ಪೂರ್ತಿ ಊಟ. ಇನ್ನೂ ಅಗ್ಗದ್ದು ಬೇಕಾದರೆ ಹಸಿ ಮೊಟ್ಟೆ ಮತ್ತು ಅನ್ನದ ಸೆಟ್, 'ತಮಾಗೊ ಕಾಕೆ ಗೊಹಾನ್'. ಎಚ್ಚರ ಬೇಕಾದದ್ದು ಪುಟ್ಟ ಬಟ್ಟಲ ವಿಷಯದಲ್ಲಿ. ಕೆಲವು ಸೆಟ್‌ಗಳ ಜತೆ ಚಿಕ್ಕ ಬಟ್ಟಲಲ್ಲಿ ದನದ ಮಾಂಸ ಬರುತ್ತದೆ. ಚಿತ್ರದಲ್ಲಿ ಕಂದು ಬಣ್ಣದ ಎಸಳುಗಳ ಚಿಕ್ಕ ಬಟ್ಟಲು ಕಂಡರೆ ಅದೇ.

'ಗ್ಯೂ' ಅಂದರೆ ದನ. ಅದರ ಅಕ್ಷರ ಕಲಿಯುವುದು ಸುಲಭ: ಮೇಲಿಂದ ಕೆಳಕ್ಕೆ ಒಂದು ಉದ್ದ ಗೆರೆ, ಅದನ್ನು ಕತ್ತರಿಸುವ ಎರಡು ಅಡ್ಡ ಗೆರೆ, ಮೇಲೆ ಎಡಗಡೆ ಕೊಂಬಿನಂತೆ ಪುಟ್ಟದೊಂದು ಓರೆ ಗೆರೆ. ಇದೊಂದನ್ನು ಕಣ್ಣಿಗೆ ರೂಢಿ ಮಾಡಿಕೊಂಡರೆ ಜಪಾನಿನಲ್ಲಿ ಎಲ್ಲಿ ಹೋದರೂ ಕೆಲಸಕ್ಕೆ ಬರುತ್ತದೆ. ಹಂದಿ ಮಾಂಸ ಬೇಡದವರು ಸಾಸೇಜ್, ಹ್ಯಾಮ್ ಇರುವ ಸೆಟ್ ಬಿಡಿ. 'ತೊನ್‌ಜಿರು' ಅನ್ನುವ ಸಾರಿನಲ್ಲೂ ಹಂದಿ ಇರುತ್ತದೆ. ಮಾಮೂಲಿ ಮಿಸೊ ಸಾರೇ ಸಾಕು ಅನ್ನಿ.

ಇನ್ನು ಪೂರ್ತಿ ಸಸ್ಯಾಹಾರಿಗಳು. ಇವರಿಗೆ ನಾನು ಸಿಹಿ ಸುಳ್ಳು ಹೇಳುವುದಿಲ್ಲ. ಮಿಸೊ ಸಾರಿನಲ್ಲಿ ಕಣ್ಣಿಗೆ ಕಾಣುವುದು ಕಡಲಕಳೆ ಮತ್ತು ಈರುಳ್ಳಿ ದಂಟು ಅಷ್ಟೇ ಆದರೂ ಅದರ ತಳಹದಿ ದಾಶಿ. ದಾಶಿ ಅಂದರೆ ಒಣಗಿಸಿದ ಮೀನಿನ ಕಷಾಯ. ನಾತ್ತೊ ಜತೆ ಕೊಡುವ ಪುಟ್ಟ ಸಾಸ್ ಪೊಟ್ಟಣದಲ್ಲೂ ಸಾಮಾನ್ಯವಾಗಿ ಮೀನಿನ ಸಾರ ಇರುತ್ತದೆ. ತೋಫು ಮೇಲೆ ಕೆಲವೊಮ್ಮೆ ಒಣಮೀನಿನ ಹೆರಕಲು ಉದುರಿಸಿರುತ್ತಾರೆ. ಅದು ತೆಳು ಗುಲಾಬಿ ಕಾಗದದ ಹಾಗೆ ಕಾಣುತ್ತದೆ. ಕಿಮ್ಚಿ ಅನ್ನುವ ಕೊರಿಯಾದ ಎಲೆಕೋಸಿನ ಉಪ್ಪಿನಕಾಯಿಯಲ್ಲೂ ಸಿಗಡಿಯೋ ಮೀನಿನ ಸಾಸೋ ಸೇರಿರುವುದು ಸಾಮಾನ್ಯ. ಹಾಗಾದರೆ ಉಳಿಯುವುದು ಬರೀ ಅನ್ನ, ಪೊಟ್ಟಣ ಬಿಟ್ಟು ಸೋಯಾ ಸಾಸ್ ಹಾಕಿಕೊಂಡ ನಾತ್ತೊ, ಮೇಲೇನೂ ಹಾಕದ ತೋಫು, ಸಲಾಡ್. ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಬಿಡಿ ಬಿಡಿಯಾಗಿ ಇವನ್ನು ಕೊಂಡರೆ ಹೊಟ್ಟೆ ತುಂಬುತ್ತದೆ, ಪ್ರೋಟೀನೂ ಸಿಗುತ್ತದೆ. ಸಾರಿನ ದಾಶಿಯೂ ಬೇಡ, ಮಾಂಸ ಬೇಯುವ ಅಡುಗೆಮನೆಯೂ ಬೇಡ ಅನ್ನುವ ಮಡಿವಂತರು ಈ ಅಂಗಡಿಗೆ ಹೋಗದಿರುವುದೇ ಒಳ್ಳೆಯದು. ಟೋಕಿಯೊದಲ್ಲಿ ನಮ್ಮವರು ತುಂಬ ಇರುವ ನಿಶಿ-ಕಸಾಯಿ ಕಡೆ ಭಾರತೀಯ ಹೋಟೆಲುಗಳಿವೆ, ಅಲ್ಲಿ ನೆಮ್ಮದಿಯಾಗಿ ಉಣ್ಣಬಹುದು.

ಆರ್ಡರ್ ಕೊಡುವುದು

ಮೂರು ಅಂಗಡಿ, ಮೂರು ಪದ್ಧತಿ. ಎಲ್ಲೂ ಜಪಾನಿ ಭಾಷೆ ಬರಲೇಬೇಕು ಅಂತಿಲ್ಲ.

ಮಾತ್ಸುಯಾದಲ್ಲಿ ಮೊದಲು ದುಡ್ಡು. ಬಾಗಿಲ ಹತ್ತಿರವೇ ಟಿಕೆಟ್ ಯಂತ್ರ ಇರುತ್ತದೆ. ಬೆಂಗಳೂರಿನ ದರ್ಶಿನಿಯಲ್ಲಿ ಕ್ಯಾಷಿಯರ್ ಹತ್ತಿರ ಕೂಪನ್ ಕೊಂಡು ಆಮೇಲೆ ಕೌಂಟರಿಗೆ ಹೋಗುವ ಅಭ್ಯಾಸ ಇರುವವರಿಗೆ ಇದು ಹೊಸದೇನಲ್ಲ. ಪರದೆಯಲ್ಲಿ ಭಾಷೆ ಬದಲಾಯಿಸುವ ಗುಂಡಿ ಹುಡುಕಿ, ಇಂಗ್ಲಿಷ್ ಆರಿಸಿ. 'ಇಲ್ಲೇ ತಿನ್ನುವುದು' ಅಥವಾ 'ಕಟ್ಟಿಸಿಕೊಂಡು ಹೋಗುವುದು' ಅಂತ ಕೇಳುತ್ತದೆ. ಇಲ್ಲೇ ತಿನ್ನುವುದು ಒತ್ತಿ. ಆಮೇಲೆ ಬೆಳಗಿನ ಮೆನು, ಸೆಟ್, ಪುಟ್ಟ ಬಟ್ಟಲಿನ ಆಯ್ಕೆ, ಕೊನೆಗೆ ಪಾವತಿ. ಸುಯಿಕಾ, ಪಾಸ್ಮೊ ತರಹದ ರೈಲು ಕಾರ್ಡು ನಡೆಯುವ ಕಡೆ ಅದೇ ಸಲೀಸು. ನೋಟು ಹಾಕುವುದಾದರೆ 1000 ಯೆನ್ ನೋಟು ಇಟ್ಟುಕೊಳ್ಳಿ. 2024ರ ಜುಲೈನಲ್ಲಿ ಹೊಸ ನೋಟುಗಳು ಬಂದಿವೆ. ಸಣ್ಣಪುಟ್ಟ ಅಂಗಡಿಗಳ ಹಳೆಯ ಯಂತ್ರಗಳು ಅವನ್ನು ನುಂಗದೆ ವಾಪಸು ಕೊಡುವುದುಂಟು. ಹಾಗಾದರೆ ಗಾಬರಿ ಬೇಡ, ಸಿಬ್ಬಂದಿಯನ್ನು ಕರೆಯಿರಿ.

ಟಿಕೆಟ್ ಮೇಲೆ ಒಂದು ಸಂಖ್ಯೆ ಇರುತ್ತದೆ. ಹಲವು ಶಾಖೆಗಳಲ್ಲಿ ಆ ಸಂಖ್ಯೆ ಪರದೆಯ ಮೇಲೆ ಬಂದಾಗ ನಾವೇ ಹೋಗಿ ಟ್ರೇ ತರಬೇಕು. ಕೆಲವು ಕಡೆ ಅವರೇ ತಂದು ಕೊಡುತ್ತಾರೆ. ಪಕ್ಕದವರು ಏನು ಮಾಡುತ್ತಿದ್ದಾರೆ ಅಂತ ಅರ್ಧ ನಿಮಿಷ ನೋಡಿದರೆ ಗೊತ್ತಾಗುತ್ತದೆ.

ಸುಕಿಯಾದಲ್ಲಿ ಹೋಗಿ ಕೂತುಬಿಡಿ. ಸೀಟಿನ ಮುಂದೆ ಟ್ಯಾಬ್ಲೆಟ್ ಇದ್ದರೆ ಅದರಲ್ಲೇ ಭಾಷೆ ಬದಲಾಯಿಸಿ ಆರ್ಡರ್ ಮಾಡಿ. ತಿಂದ ಮೇಲೆ ದುಡ್ಡು. ಯೊಶಿನೊಯಾದಲ್ಲೂ ಹೆಚ್ಚಾಗಿ ಮೊದಲು ಊಟ, ಆಮೇಲೆ ಬಿಲ್ಲು. ಹಳೆಯ ಮಾದರಿಯ ಶಾಖೆಯಾದರೆ ಕುದುರೆ ಲಾಳದ ಆಕಾರದ ಕೌಂಟರ್ ಇರುತ್ತದೆ, ಸಿಬ್ಬಂದಿ ನಡುವೆ ನಿಂತು ಎಲ್ಲರನ್ನೂ ನೋಡಿಕೊಳ್ಳುತ್ತಾರೆ. ಚಿತ್ರ ತೋರಿಸಿ 'ಕೊರೆ, ಒನೆಗಾಯ್ ಶಿಮಾಸ್' ಅನ್ನಿ. 'ಇದು ಕೊಡಿ' ಅಂತ ಅರ್ಥ. ಅಷ್ಟು ಸಾಕು. ಕೂತ ಕೂಡಲೇ ಚಹಾ ಅಥವಾ ನೀರು ಸಿಗುತ್ತದೆ, ಅದಕ್ಕೆ ದುಡ್ಡಿಲ್ಲ.

ಗ್ಯೂದೊನ್ ತಿನ್ನುವವರಿಗೆ ಅಳತೆಯ ಮಾತು ಗೊತ್ತಿರಲಿ. 'ನಾಮಿ' ಅಂದರೆ ಮಾಮೂಲಿ, 'ಓಮೊರಿ' ಅಂದರೆ ದೊಡ್ಡದು. ಯೊಶಿನೊಯಾದಲ್ಲಿ 'ಅತಾಮಾ ನೊ ಓಮೊರಿ' ಅಂತ ಒಂದಿದೆ: ಅನ್ನ ಮಾಮೂಲಿ, ಮೇಲಿನ ಮಾಂಸ ಮಾತ್ರ ಜಾಸ್ತಿ. 'ತ್ಸುಯು-ದಾಕು' ಅಂದರೆ ರಸ ಜಾಸ್ತಿ ಹಾಕಿ ಅಂತ. ಸಾರನ್ನ ಕಲಸಿ ತಿಂದು ಬೆಳೆದ ನಮಗೆ ಇದು ಹಿಡಿಸುತ್ತದೆ. ಬೆಳಗಿನ ಮೊದಲ ಬಟ್ಟಲಿಗೆ ನಾಮಿ ಸಾಕು.

ಟ್ರೇ ಬಂತು. ಈಗ?

ಎಡಗಡೆ ಅನ್ನ, ಬಲಗಡೆ ಸಾರು, ಹಿಂದೆ ಮೀನು, ಉಳಿದದ್ದು ಸುತ್ತ. ಚಾಪ್‌ಸ್ಟಿಕ್ ಕೌಂಟರಿನ ಡಬ್ಬಿಯಲ್ಲೋ ಎಳೆಯುವ ಪೆಟ್ಟಿಗೆಯಲ್ಲೋ ಇರುತ್ತದೆ. ಚಮಚ ಬೇಕಾದರೆ 'ಸುಪೂನ್' ಅಂತ ಕೇಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕೈಮುಗಿದು ಮೆಲ್ಲಗೆ ಊಟಕ್ಕೆ ಮುಂಚಿನ ಕೃತಜ್ಞತೆಯ ಮಾತಾದ 'ಇತದಾಕಿಮಾಸ್' ಅಂದು ಶುರು ಮಾಡಿ.

ಮೊದಲು ಸಾರು. ಮಿಸೊ ಕೆಳಗೆ ತಂಗಿರುತ್ತದೆ, ಚಾಪ್‌ಸ್ಟಿಕ್‌ನಿಂದ ಒಮ್ಮೆ ಕಲಕಿ, ಬಟ್ಟಲನ್ನೇ ಎತ್ತಿ ಕುಡಿಯಿರಿ. ಅನ್ನದ ಬಟ್ಟಲನ್ನೂ ಎಡಗೈಯಲ್ಲಿ ಎತ್ತಿ ಹಿಡಿದೇ ತಿನ್ನಬೇಕು. ತಟ್ಟೆಗೆ ಬಾಗಿ ತಿನ್ನುವುದು ಅಲ್ಲಿ ಚೆಂದ ಅಲ್ಲ. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಸತ್ತವರಿಗೆ ಎಡೆ ಇಡುವಾಗ ಹಾಗೆ ಮಾಡುತ್ತಾರೆ. ಇದೊಂದನ್ನು ಮರೆಯಬೇಡಿ.

ಈಗ ಮೊಟ್ಟೆ. ಹಸಿ ಮೊಟ್ಟೆ ಅಂದರೆ ನಮಗೆ ಮೈ ಜುಮ್ಮೆನ್ನುವುದು ಸಹಜ. ಜಪಾನಿನಲ್ಲಿ ಮೊಟ್ಟೆಯನ್ನು ತೊಳೆದು, ಪರೀಕ್ಷಿಸಿ ಮಾರುತ್ತಾರೆ. ಡಬ್ಬಿಯ ಮೇಲಿನ ತಾರೀಖು ಕೂಡ ಹಸಿಯಾಗಿ ತಿನ್ನಬಹುದಾದ ಅವಧಿಯನ್ನೇ ಹೇಳುತ್ತದೆ. ಆ ನಂಬಿಕೆಯ ಮೇಲೆಯೇ ಇಡೀ ದೇಶ ಹಸಿ ಮೊಟ್ಟೆ ತಿನ್ನುತ್ತದೆ. ಬಸುರಿಯರು, ಪುಟ್ಟ ಮಕ್ಕಳು, ಕಾಯಿಲೆಯಿಂದ ಎದ್ದವರು ಮಾತ್ರ ಬಿಡುವುದು ಒಳ್ಳೆಯದು. ಅರ್ಧ ಬೆಂದ ಮೊಟ್ಟೆಯ ಆಯ್ಕೆ ಇದ್ದರೂ ಈ ಮೂವರು ಬೇಡ ಅನ್ನಲಿ, ಪೂರ್ತಿ ಬೆಂದದ್ದೇ ಸರಿ.

ಮಾಡುವುದು ಹೀಗೆ. ಕೊಟ್ಟಿರುವ ಪುಟ್ಟ ಬಟ್ಟಲಲ್ಲಿ ಮೊಟ್ಟೆ ಒಡೆಯಿರಿ. ಸೀದಾ ಅನ್ನದ ಮೇಲೆ ಒಡೆಯಬೇಡಿ, ಚಿಪ್ಪಿನ ಚೂರು ಬಿದ್ದರೆ ಹುಡುಕುವುದು ಕಷ್ಟ. ಸುಕಿಯಾದಲ್ಲಿ ಹಳದಿಯನ್ನು ಬೇರೆ ಮಾಡಲು ಸಣ್ಣ ಜಾಲರಿಯಂಥದ್ದು ಕೊಡುತ್ತಾರೆ. ಬಿಳಿಯ ಲೋಳೆ ಹಿಡಿಸದವರಿಗೆ ಅದು ವರ. ಸೋಯಾ ಸಾಸ್ ಅರ್ಧ ಚಮಚದಷ್ಟು ಹಾಕಿ. ನಾಲ್ಕೈದು ಸಲ ಕಲಕಿ ನಿಲ್ಲಿಸಿ, ಬಿಳಿ ಹಳದಿ ಪೂರ್ತಿ ಬೆರೆಯುವುದು ಬೇಡ. ಬಿಸಿ ಅನ್ನದ ನಡುವೆ ಗುಳಿ ಮಾಡಿ ಸುರಿಯಿರಿ. ಅನ್ನ ತಣ್ಣಗಾದ ಮೇಲೆ ಹಾಕಿದರೆ ಹಸಿ ವಾಸನೆ ಎದ್ದು ಕಾಣುತ್ತದೆ, ಬಿಸಿ ಇರುವಾಗಲೇ ಹಾಕಿದರೆ ಅದು ಬೆಣ್ಣೆಯ ಹಾಗೆ ಅನ್ನಕ್ಕೆ ಅಂಟಿಕೊಳ್ಳುತ್ತದೆ. ಇದರ ಗುಟ್ಟೆಲ್ಲ ಈ ಬಿಸಿಯಲ್ಲೇ ಇದೆ. ಆದ್ದರಿಂದ ಮೊಟ್ಟೆ ಸೆಟ್ ತೆಗೆದುಕೊಂಡವರು ಫೋಟೊ ಆಮೇಲೆ ತೆಗೆಯಿರಿ.

ನಾತ್ತೊಗೆ ಇನ್ನೂ ಸ್ವಲ್ಪ ತಾಳ್ಮೆ ಬೇಕು. ಸೋಯಾ ಕಾಳನ್ನು ಬೇಯಿಸಿ, ಬ್ಯಾಸಿಲಸ್ ಸಬ್‌ಟಿಲಿಸ್ ಅನ್ನುವ ಬ್ಯಾಕ್ಟೀರಿಯಾದಿಂದ ಹುದುಗಿಸಿ ಮಾಡಿದ್ದು ಇದು. ನಮ್ಮ ಸಿಕ್ಕಿಂ ಕಡೆಯ ಕಿನೆಮಾ, ನಾಗಾಲ್ಯಾಂಡಿನ ಅಖುನಿ ಇದರ ಹತ್ತಿರದ ನೆಂಟರು. ವಾಸನೆ ಗಾಢ, ಲೋಳೆ ಬೆಂಡೆಕಾಯಿಗಿಂತ ಹತ್ತು ಪಾಲು. ಮೊದಲು ಏನೂ ಹಾಕದೆ ಬರೀ ನಾತ್ತೊವನ್ನು ಮೂವತ್ತು ನಲವತ್ತು ಸಲ ಕಲಕಿ. ಬಿಳಿ ನೊರೆ, ಎಳೆ ಎಳೆ ಬರಬೇಕು. ಆಮೇಲೆ ಸಾಸ್, ಸಾಸಿವೆ, ಈರುಳ್ಳಿ ದಂಟು. ಸಾಸ್ ಮೊದಲೇ ಹಾಕಿದರೆ ನೀರಾಗಿ ಎಳೆ ಬರುವುದಿಲ್ಲ. ಅನ್ನದ ಮೇಲೆ ಹಾಕಿ, ನೋರಿ ಹಾಳೆ ಇದ್ದರೆ ಅದರಲ್ಲಿ ಸ್ವಲ್ಪ ಸ್ವಲ್ಪವೇ ಸುತ್ತಿಕೊಂಡು ತಿನ್ನಿ. ಲೋಳೆ ಬಾಯಿಗೆ ನೇರ ತಾಗದೆ ಇರುವುದರಿಂದ ಹೊಸಬರಿಗೆ ಇದು ಸುಲಭ. ಎಳೆ ಕತ್ತರಿಸಲು ಚಾಪ್‌ಸ್ಟಿಕ್ ಅನ್ನು ಗಾಳಿಯಲ್ಲಿ ಸಣ್ಣಗೆ ಸುತ್ತಿಸಿ. ನನಗೆ ನಾತ್ತೊ ಮೊದಲ ಸಲ ಸೇರಲಿಲ್ಲ, ಮೂರನೇ ಸಲ ಅಭ್ಯಾಸವಾಯಿತು, ಈಗ ಅದಿಲ್ಲದ ಬೆಳಗಿನ ಊಟ ಖಾಲಿ ಅನ್ನಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ನಾತ್ತೊ ಮುಟ್ಟಬೇಡಿ. ಅದರಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನೇ ತಡೆಯುತ್ತದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಬಂದವರು ಇದನ್ನು ನೆನಪಿಡಿ.

ಸಾಲ್ಮನ್ ಉಪ್ಪು ಸವರಿ ಸುಟ್ಟದ್ದು. ಒಂದು ಚೂರು ಮೀನಿಗೆ ಎರಡು ತುತ್ತು ಅನ್ನ, ನಡುವೆ ಒಂದು ಗುಟುಕು ಸಾರು. ಹೀಗೆ ಅನ್ನ, ಸಾರು, ಪಕ್ಕದ ತಿನಿಸು ಮೂರನ್ನೂ ಸುತ್ತಿ ಸುತ್ತಿ ತಿನ್ನುವುದನ್ನು ಜಪಾನಿನಲ್ಲಿ ತ್ರಿಕೋನ ಊಟ ಅನ್ನುತ್ತಾರೆ, ಮಕ್ಕಳಿಗೆ ಶಾಲೆಯ ಊಟದ ಹೊತ್ತಿಗೆ ಕಲಿಸುತ್ತಾ ಬಂದ ಪದ್ಧತಿ ಇದು. ಮೀನು ಪೂರ್ತಿ ಮುಗಿಸಿ ಆಮೇಲೆ ಸಾರು ಅಂತ ಹೋದರೆ ಕೊನೆಗೆ ಬರೀ ಅನ್ನ ಉಳಿಯುತ್ತದೆ. ಮೀನಿನ ಚರ್ಮವನ್ನೂ ತಿನ್ನಬಹುದು. ಮುಳ್ಳು ಸಿಕ್ಕರೆ ತಟ್ಟೆಯ ಒಂದು ಮೂಲೆಗೆ ಸೇರಿಸಿ.

ಗ್ಯೂದೊನ್ ತೆಗೆದುಕೊಂಡವರು ಮೊದಲ ಎರಡು ತುತ್ತು ಏನೂ ಬೆರೆಸದೆ ತಿನ್ನಿ. ಆಮೇಲೆ ಕೌಂಟರಿನಲ್ಲಿರುವ ಕೆಂಪು ಶುಂಠಿ ಉಪ್ಪಿನಕಾಯಿ, ಬೆನಿ-ಶೋಗಾ, ಒಂದು ಚಿಮುಟದಷ್ಟು. ಇದು ಉಚಿತ, ಹಾಗಂತ ಗುಡ್ಡೆ ಹಾಕಬೇಡಿ. ಕೊನೆಯ ಭಾಗಕ್ಕೆ ಶಿಚಿಮಿ, ಅಂದರೆ ಏಳು ಬಗೆಯ ಮಸಾಲೆಪುಡಿ. ನಮ್ಮ ನಾಲಿಗೆಗೆ ಖಾರ ಕಡಿಮೆ, ಪರಿಮಳ ಹೆಚ್ಚು. ಯೊಶಿನೊಯಾ ಅಮೆರಿಕದ ದನದ ಹೊಟ್ಟೆ ಭಾಗದ ಮಾಂಸವನ್ನು ನೆಚ್ಚಿಕೊಂಡಿದೆ. ಎಷ್ಟರ ಮಟ್ಟಿಗೆ ಅಂದರೆ, 2003ರ ಕೊನೆಯಲ್ಲಿ ಅಮೆರಿಕದಲ್ಲಿ ಹುಚ್ಚು ದನದ ರೋಗ ಕಂಡು ಆಮದು ನಿಂತಾಗ, 2004ರ ಫೆಬ್ರವರಿಯಲ್ಲಿ ಅವರು ಗ್ಯೂದೊನ್ ಮಾರುವುದನ್ನೇ ನಿಲ್ಲಿಸಿದರು. ಬೇರೆ ಮಾಂಸ ಹಾಕಿದರೆ ಅದೇ ರುಚಿ ಬಾರದು ಅನ್ನುವುದು ಅವರ ನಿಲುವು. ಹಂದಿ ಮಾಂಸದ ಬಟ್ಟಲು ಮಾರಿಕೊಂಡು ಕಾದರು, 2006ರ ಸೆಪ್ಟೆಂಬರಿನಲ್ಲಿ ಮತ್ತೆ ಶುರು ಮಾಡಿದರು. ಒಂದು ಅಗ್ಗದ ಬಟ್ಟಲಿಗೆ ಇಷ್ಟು ಹಟ ಹಿಡಿದವರ ಬಗ್ಗೆ ನನಗೆ ಗೌರವ ಇದೆ.

ಏಳುವ ಮುನ್ನ

ತಿಂದಾದ ಮೇಲೆ ಹರಟುತ್ತಾ ಕೂರುವ ಜಾಗ ಇದಲ್ಲ. ಅನ್ನ ಬಿಡದೆ ಮುಗಿಸಿ. ದುಡ್ಡು ಮೊದಲೇ ಕೊಟ್ಟಿದ್ದರೆ, ಟ್ರೇ ಇಡುವ ಜಾಗ ಇದೆಯಾ ಅಂತ ನೋಡಿ. ಇದ್ದರೆ ಅಲ್ಲಿಟ್ಟು ಹೋಗಿ, ಇಲ್ಲದಿದ್ದರೆ ಇದ್ದಲ್ಲೇ ಬಿಡಿ. ದುಡ್ಡು ಕೊಡುವುದು ಬಾಕಿ ಇದ್ದರೆ ಚೀಟಿ ಹಿಡಿದು ರೆಜಿಸ್ಟರ್ ಹತ್ತಿರ ಹೋಗಿ, ಅಥವಾ 'ಒಕಾಯ್ಕೆ ಒನೆಗಾಯ್ ಶಿಮಾಸ್', ಅಂದರೆ 'ಬಿಲ್ಲು ಮಾಡಿ' ಅನ್ನಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಚಿಲ್ಲರೆ ಬಿಟ್ಟು ಹೊರಟರೆ, ಮರೆತಿದ್ದೀರಿ ಅಂತ ಬೀದಿಯವರೆಗೆ ಓಡಿ ಬಂದು ಕೊಡುತ್ತಾರೆ.

ಹೊರಡುವಾಗ 'ಗೊಚಿಸೋಸಾಮಾ' ಅನ್ನಿ. ಊಟ ಚೆನ್ನಾಗಿತ್ತು, ಧನ್ಯವಾದ ಅಂತ. ರಾತ್ರಿ ಪಾಳಿ ಮುಗಿಸುವ ಹೊತ್ತಿನಲ್ಲಿರುವ ಹುಡುಗನೋ ಹುಡುಗಿಯೋ ತಲೆ ಎತ್ತಿ ನೋಡಿ ಉತ್ತರ ಕೊಡುತ್ತಾರೆ.

ಎರಡನೇ ಸಲಕ್ಕೆ ಒಂದು ಸಲಹೆ. ತ್ಸುಕಿಜಿಯ ಒಳಮಾರುಕಟ್ಟೆ 2018ರ ಅಕ್ಟೋಬರಿನಲ್ಲಿ ತೊಯೊಸುಗೆ ಸ್ಥಳಾಂತರವಾಯಿತು. ಯೊಶಿನೊಯಾದ ತ್ಸುಕಿಜಿ ಅಂಗಡಿಯೂ ಆಗಲೇ ಮುಚ್ಚಿತು. ತೊಯೊಸು ಮಾರುಕಟ್ಟೆಯ ಒಳಗೆ ಈಗ ಅವರ ಶಾಖೆ ಇದೆ. ಭಾನುವಾರ ಮತ್ತು ಕೆಲವು ಬುಧವಾರ ಮಾರುಕಟ್ಟೆಗೆ ರಜೆ, ಕ್ಯಾಲೆಂಡರ್ ನೋಡಿಕೊಂಡು ಮೊದಲ ರೈಲು ಹಿಡಿಯಿರಿ.